ಪೂರಿ ಖಾಲಿ ಸಾರ್, ದೋಸೆ ಇದೆ

ಶಿವಮೊಗ್ಗದ ಓದುಗರೊಬ್ಬರ ಪತ್ರ: ನಾಲ್ಕೂವರೆ ವರ್ಷದ ಮಗಳನ್ನು ಸೇರಿಸಿರುವ ಶಿಶುವಿಹಾರದಲ್ಲಿ ಬೆಳಗಿನ ಹೊತ್ತೆಲ್ಲ ‘ಹೋಟೆಲ್ ಆಟ’ ಆಡಿಸುತ್ತಾರೆ. ಪಕ್ಕದ ಮನೆಯ ಮಗು ಬೇರೆ ಶಾಲೆಯಲ್ಲಿ ಆಗಲೇ ನೂರರವರೆಗೆ ಬರೆಯುತ್ತದೆ. ನಮ್ಮವಳು ಮನೆಗೆ ಬಂದು ಅಪ್ಪನ ಮುಂದೆ ನಿಂತು ‘ಏನ್ ಕೊಡ್ಲಿ ಸಾರ್?’ ಅನ್ನುತ್ತಾಳೆ. ಪೂರಿ ಕೇಳಿದರೆ ‘ಪೂರಿ ಖಾಲಿ ಸಾರ್, ದೋಸೆ ಇದೆ’ ಅಂತಾಳೆ. ಕೊನೆಗೆ ಏನೋ ಗೀಚಿದ ಚೀಟಿ ಕೊಟ್ಟು ಬಿಲ್ಲು ಅಂತಾಳೆ. ‘ಮೊಮ್ಮಗಳನ್ನ ಸಪ್ಲೈಯರ್ ಮಾಡೋಕೆ ಇಷ್ಟು ಫೀಸ್ ಕಟ್ಬೇಕಾ?’ ಎಂದು ಮಾವನವರ ಗೊಣಗಾಟ. ಶಾಲೆ ಬದಲಾಯಿಸಲೇ?

ಸಂಪಾದಕರ ಉತ್ತರ:

ಬದಲಾಯಿಸಬೇಡಿ. ಕಾರಣ ನಿಮ್ಮ ಪತ್ರದಲ್ಲೇ ಇದೆ, ನೀವು ಅದನ್ನು ದೂರು ಎಂದುಕೊಂಡು ಬರೆದಿದ್ದೀರಿ ಅಷ್ಟೆ.

ಆ ಪೂರಿಯ ಮಾತನ್ನೇ ನೋಡಿ. ಇಲ್ಲದ ಹೋಟೆಲಿನಲ್ಲಿ ಇಲ್ಲದ ಪೂರಿ ಖಾಲಿಯಾಗುವ ದರ್ದೇನಿತ್ತು? ಕೇಳಿದಷ್ಟೂ ಕೊಟ್ಟಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಹೊತ್ತು ಮೀರಿ ಹೋದರೆ ಪೂರಿ ಸಿಗುವುದಿಲ್ಲ, ಸಿಗದಿದ್ದರೆ ಗಿರಾಕಿಯನ್ನು ಬರಿಗೈಲಿ ಕಳಿಸದೆ ಇರುವುದನ್ನು ಹೇಳಬೇಕು ಎಂಬುದನ್ನು ಅವಳು ಎಲ್ಲೋ ನೋಡಿ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. ಎದುರಿಗಿರುವವರಿಗೆ ಏನು ಬೇಕು ಎಂದು ಯೋಚಿಸಿ ಮಾತಾಡಿದ್ದಾಳೆ. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಒತ್ತಿ ಹೇಳಿದ್ದು ಇದನ್ನೇ: ಇಂಥ ಆಟ ಮನಸ್ಸಿಗೆ ಬಂದಂತೆ ಕುಣಿಯುವುದಲ್ಲ, ಒಂದು ಪಾತ್ರ ವಹಿಸಿದ ಮೇಲೆ ಅದರ ಕಟ್ಟುಪಾಡಿಗೆ ಮಗು ತಾನಾಗಿಯೇ ಒಳಗಾಗುತ್ತದೆ. ಮನೆಯಲ್ಲಿ ತಟ್ಟೆ ಬರುವುದು ಎರಡು ನಿಮಿಷ ತಡವಾದರೆ ರಂಪ ಮಾಡುವ ಮಗು, ಆಟದ ಗಿರಾಕಿಯಾದಾಗ ತೆಪ್ಪಗೆ ಕಾದು ಕೂರುತ್ತದೆ.

ಇನ್ನು ನೆನಪು. ‘ಎರಡು ಇಡ್ಲಿ, ಒಂದು ವಡೆ, ಬೈಟೂ ಕಾಫಿ’ ಎಂಬ ಆರ್ಡರನ್ನು ಸಪ್ಲೈಯರ್ ಅಡುಗೆಯವನ ಹತ್ತಿರ ಹೋಗುವವರೆಗೂ ತಲೆಯಲ್ಲಿ ಹೊತ್ತಿರಬೇಕು. ಬರೀ ಪದಪಟ್ಟಿ ಒಪ್ಪಿಸು ಅಂದಾಗಿನದಕ್ಕಿಂತ, ಅಂಗಡಿ ಆಟದಲ್ಲಿ ಸಾಮಾನು ತರಲು ಕಳಿಸಿದಾಗ ಪುಟ್ಟ ಮಕ್ಕಳು ಹೆಚ್ಚು ಪದ ನೆನಪಿಟ್ಟರು ಎಂದು ಸೋವಿಯತ್ ಸಂಶೋಧಕಿ ಇಸ್ತೊಮಿನಾ 1948ರಲ್ಲಿ ಬರೆದರು. 1986ರಲ್ಲಿ ಅಮೆರಿಕದವರು ಮತ್ತೆ ಮಾಡಿ ನೋಡಿದಾಗ ಹಾಗೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಅದಕ್ಕೇ, ಬುದ್ಧಿ ಚುರುಕಾಗುತ್ತದೆ ಎಂದು ಪ್ಲಾಸ್ಟಿಕ್ ಕಿಚನ್ ಸೆಟ್ ಮಾರುವವರ ಮಾತು ಕಟ್ಟಿಕೊಂಡು ಸಾವಿರಗಟ್ಟಲೆ ಸುರಿಯಬೇಡಿ. ಅಮೆರಿಕದ ಮನೋವಿಜ್ಞಾನಿ ಏಂಜಲಿನ್ ಲಿಲಾರ್ಡ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ಬುದ್ಧಿಮತ್ತೆ, ಸೃಜನಶೀಲತೆ ಇಂಥ ಆಟದಿಂದಲೇ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ ಎಂದು 2013ರಲ್ಲೇ ಬರೆದಿದ್ದಾರೆ. ಹಳೆಯ ಲೋಟ, ಸೋಡಾ ಮುಚ್ಚಳ, ಹಲಸಿನೆಲೆ ಸಾಕು.

ಆ ಚೀಟಿಯನ್ನು ಬಿಸಾಡಿಲ್ಲ ತಾನೇ? ಗೆರೆಗಳು ಒಂದರ ಕೆಳಗೊಂದು ಇವೆಯೇ, ಕೊನೆಯಲ್ಲಿ ಅಂಕಿಯಂಥದ್ದೇನಾದರೂ ಇದೆಯೇ ನೋಡಿ. ಇದ್ದರೆ, ತಿಂದದ್ದು ಕಾಗದದ ಮೇಲೆ ಸಾಲಾಗಿ ಇಳಿಯುತ್ತದೆ, ಆ ಕಾಗದ ತೋರಿಸಿದರೆ ದುಡ್ಡು ಬರುತ್ತದೆ ಎಂಬುದು ಅವಳಿಗೆ ಗೊತ್ತಾಗಿದೆ ಅಂತ ಅರ್ಥ. ಬರಹ ಯಾಕೆ ಬೇಕು ಅನ್ನುವುದೇ ತಿಳಿಯದೆ ಪುಟಗಟ್ಟಲೆ ತಿದ್ದುವ ಮಕ್ಕಳು ಎಷ್ಟೋ ಇದ್ದಾರೆ. ಪಕ್ಕದ ಮನೆಯ ಮಗುವಿಗೆ ಒಮ್ಮೆ ‘ನಾಲ್ಕು ಜನ ಬಂದಿದ್ದಾರೆ, ತಲೆಗೊಂದು ತಟ್ಟೆ ತಾ’ ಅಂದು ನೋಡಿ. ಎಣಿಸಿ ತಂದರೆ ಸಂತೋಷ. ತರದಿದ್ದರೆ ಆ ನೂರು ಬರೀ ಕೈಬರಹ. 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಸಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ, ನಿಮ್ಮ ಟೀಚರ್ ಹೊಸದೇನೂ ಮಾಡುತ್ತಿಲ್ಲ.

ಮಾವನವರನ್ನು ಒಂದು ದಿನ ಗಿರಾಕಿಯಾಗಿ ಕೂರಿಸಿ. ಕಾಫಿಗೆ ಐನೂರು ರೂಪಾಯಿ ಅಂದರೆ ತಿದ್ದುವುದು ಬೇಡ, ‘ಅಷ್ಟೊಂದಾ? ಹಾಗಾದ್ರೆ ಬೈಟೂ ಕೊಡಮ್ಮ’ ಅನ್ನಲಿ. ನಡುವೆ ‘ಎರಡೆರಡ್ಲ ಎಷ್ಟು?’ ಎಂದು ಮಗ್ಗಿ ಕೇಳಿದರೆ ಆಟ ಅಲ್ಲಿಗೇ ಮುಗಿಯಿತು.

ಟೀಚರನ್ನು ಕೇಳಬೇಕಾದ್ದು ಬೇರೆಯೇ ಇದೆ. ಗಲ್ಲಾಪೆಟ್ಟಿಗೆಯ ಮುಂದೆ ದಿನಾ ಅದೇ ಹುಡುಗ ಕೂರುತ್ತಾನೆಯೇ? ಲೋಟ ತೊಳೆಯುವುದು ದಿನಾ ಅದೇ ಹುಡುಗಿಯೇ? ಹೌದು ಅಂದರೆ ಆಗ ಖಂಡಿತ ತಕರಾರು ತೆಗೆಯಿರಿ.