ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ನೀರನ್ನು ಪರೀಕ್ಷಿಸಿ

ಮನೆಯ ಅಕ್ವೇರಿಯಂ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಹೆಚ್ಚಿನ ಪತ್ರಗಳು ಯಾವ ಔಷಧಿ ಹಾಕಬೇಕೆಂದು ಕೇಳಿವೆ. ನೀರಿನ ಪರೀಕ್ಷೆ ಮಾಡಿಸಿ ಅದರ ಅಂಕಿಗಳನ್ನು ಬರೆದವರು ಬಹಳ ಕಡಿಮೆ. ಆ ಕಾರಣದಿಂದ ಮೊದಲ ಉತ್ತರ ದೀರ್ಘವಾಗಿದೆ. ಉಳಿದ ಪ್ರಶ್ನೆಗಳನ್ನು ಕೇಳಿದವರೂ ಅದನ್ನು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಹೊಸ ತೊಟ್ಟಿಗೆ ಆರು ಗೋಲ್ಡ್ ಫಿಶ್ ಬಿಟ್ಟೆವು. ಮೂರನೇ ದಿನ ನೀರು ಬಿಳಿಯಾಗಿ ಮಬ್ಬಾಯಿತು. ವಾರ ಕಳೆಯುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು, ಎರಡು ಸತ್ತವು. ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಿದೆವು. ಗುಣ ಕಾಣದಿದ್ದಾಗ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನೂ ಫಿಲ್ಟರನ್ನೂ ನಲ್ಲಿಯ ನೀರಿನಲ್ಲಿ ಉಜ್ಜಿ ತೊಳೆದು ಮತ್ತೆ ತುಂಬಿಸಿದೆವು. ಕೆಲವೇ ದಿನಗಳಲ್ಲಿ ಮತ್ತೊಂದು ಸತ್ತಿತು. ಇದು ಯಾವ ರೋಗ?
— ಓದುಗರು, ಬೆಂಗಳೂರು

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ಅಂಟುರೋಗವೆಂದು ತೋರುವುದಿಲ್ಲ. ಹೊಸ ತೊಟ್ಟಿಯಲ್ಲಿ ಅಮೋನಿಯಾ ಶೇಖರವಾಗಿ ಮೀನುಗಳಿಗೆ ವಿಷವಾಗಿರುವ ಸಾಧ್ಯತೆಯೇ ಹೆಚ್ಚು. ಮೀನು ತನ್ನ ದೇಹದ ಅಮೋನಿಯಾದ ಬಹುಪಾಲನ್ನು ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಅಮೋನಿಯಾ ಹುಟ್ಟುತ್ತದೆ. ಹಳೆಯ ತೊಟ್ಟಿಯಲ್ಲಿ ಫಿಲ್ಟರಿನ ಸ್ಪಂಜು ಮತ್ತು ಕಲ್ಲುಗಳ ಮೇಲೆ ನೆಲೆಸಿದ ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಈ ಬ್ಯಾಕ್ಟೀರಿಯಾಗಳು ಬೆಳೆಯುವುದು ತೀರ ನಿಧಾನ. ಒಮ್ಮೆ ಇಮ್ಮಡಿಯಾಗಲು ಅವಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು, ಆದ್ದರಿಂದ ಹೊಸ ತೊಟ್ಟಿ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೂರನೇ ದಿನ ನೀವು ಕಂಡ ಬಿಳಿ ಮಬ್ಬು ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳದ್ದು. ಕೊಳೆಯುವ ಆಹಾರವನ್ನು ತಿಂದು ಗಂಟೆಗಳಲ್ಲೇ ಹೆಚ್ಚುವ ಅವು ನೀರಿನ ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ. ಆ ಮಬ್ಬು ತಾನಾಗಿಯೇ ತಿಳಿಯಾಗುತ್ತದೆ. ತಿಳಿಯಾದ ಮಾತ್ರಕ್ಕೆ ನೀರು ಸುರಕ್ಷಿತವಾಯಿತೆಂದು ಭಾವಿಸಬಾರದು, ಏಕೆಂದರೆ ಅಮೋನಿಯಾಕ್ಕೆ ಬಣ್ಣವಿಲ್ಲ.

ತೊಟ್ಟಿಯನ್ನು ಖಾಲಿ ಮಾಡಿ ಉಜ್ಜಿ ತೊಳೆದದ್ದರಿಂದ, ಅದುವರೆಗೆ ಅಷ್ಟಿಷ್ಟು ನೆಲೆಯೂರಿದ್ದ ಉಪಯುಕ್ತ ಬ್ಯಾಕ್ಟೀರಿಯಾಗಳೂ ಹೊರಟುಹೋದವು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ಮನುಷ್ಯರನ್ನು ಕಾಪಾಡುವ ಈ ಕ್ಲೋರಿನ್ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಮೀನಿನ ಕಿವಿರನ್ನು ಸುಡುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಿ ಇನ್ನೂ ಎಚ್ಚರವಾಗಿರಿ. ಅಂದು ಕ್ಲೋರಿನ್ ಎಷ್ಟಿರುತ್ತದೆಂದು ಹೇಳಲಾಗದು. ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ ಕೂಡ ಈ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಕೊಡಬಲ್ಲದು. ಹೀಗೆ ನೀವು ಕಾಳಜಿಯಿಂದ ಮಾಡಿದ ಕೆಲಸಗಳೇ ತೊಟ್ಟಿಯನ್ನು ಮೊದಲ ದಿನಕ್ಕೆ ಮರಳಿಸಿವೆ. ನಿಮ್ಮ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಮೀನು ಮಾರುವಾಗಲೇ ಇದನ್ನು ಹೇಳಿಕೊಡುವುದು ಮಾರುವವರ ಕರ್ತವ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.

ಈಗ ಮಾಡಬೇಕಾದದ್ದನ್ನು ನೋಡೋಣ. ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ, ನೈಟ್ರೈಟ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ಪರೀಕ್ಷೆಯ ಕಿಟ್ಟುಗಳನ್ನು ಕೊಂಡುಕೊಳ್ಳಿ. ಅಮೋನಿಯಾದ ಅಂಕಿಯನ್ನು ಯಾವಾಗಲೂ ಪಿಎಚ್ ಜೊತೆಗಿಟ್ಟು ಓದಬೇಕು. ನೀರಿನ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ನೂರಕ್ಕೆ ಒಂದು ಪಾಲಿಗೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಐದಾರು ಪಾಲಾಗುತ್ತದೆ. ಹಾಗಾಗಿ ಕಿಟ್ಟಿನಲ್ಲಿ ಒಂದೇ ಬಣ್ಣ ಕಂಡ ಎರಡು ಮನೆಗಳಲ್ಲಿ ಒಂದರ ಮೀನು ಈಜಾಡುತ್ತಿರಬಹುದು, ಇನ್ನೊಂದರದ್ದು ಸಾಯುತ್ತಿರಬಹುದು. ಅಮೋನಿಯಾ ಅಥವಾ ನೈಟ್ರೈಟ್ ಕಂಡುಬಂದರೆ, ಅವು ಸೊನ್ನೆಗೆ ಇಳಿಯುವವರೆಗೆ ದಿನವೂ ಮೂರನೇ ಒಂದು ಪಾಲು ನೀರನ್ನು ಬದಲಿಸಿ. ಹೊಸ ನೀರಿಗೆ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕವನ್ನು ಬೆರೆಸಿ, ಅದರ ಬಿಸಿ ತೊಟ್ಟಿಯ ನೀರಿನಷ್ಟೇ ಇದೆಯೆಂದು ಖಚಿತಪಡಿಸಿಕೊಂಡು ಸುರಿಯಿರಿ. ಎರಡು ದಿನಕ್ಕೊಮ್ಮೆ ಮಾತ್ರ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಏರ್ ಪಂಪನ್ನು ಹಗಲಿರುಳೂ ನಡೆಸಿ. ಸ್ಪಂಜನ್ನು ತೊಳೆಯಲೇಬೇಕಾದಾಗ, ತೊಟ್ಟಿಯಿಂದ ತೆಗೆದ ನೀರನ್ನು ಬಕೆಟ್ಟಿಗೆ ಹಾಕಿಕೊಂಡು ಅದರಲ್ಲೇ ಮೆಲ್ಲಗೆ ಹಿಂಡಿ. ಪರಿಚಯದವರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ತೊಟ್ಟಿ ಇದ್ದರೆ, ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿಡಿ; ಆರು ವಾರದ ಕೆಲಸ ಬಹಳ ಬೇಗ ಮುಗಿಯುತ್ತದೆ.

ಸತ್ತ ಮೀನಿನ ಕಿವಿರು ಮುಚ್ಚಳವನ್ನು ಎತ್ತಿ ನೋಡುವ ಅಭ್ಯಾಸವೂ ಇರಲಿ. ಆಗ ತಾನೇ ಸತ್ತ ಮೀನಿನ ಕಿವಿರು ಕೆಂಪಾಗಿರಬೇಕು. ಚಾಕೊಲೇಟಿನ ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ರಕ್ತಕ್ಕೆ ಸೇರಿ, ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡಿದೆಯೆಂದು ಊಹಿಸಬಹುದು. ಅಂತಹ ಹೊತ್ತಿನಲ್ಲಿ ನೀರು ಬದಲಿಸುವುದರ ಜೊತೆಗೆ ಲೀಟರಿಗೆ ಒಂದು ಗ್ರಾಂನಷ್ಟು ಉಪ್ಪನ್ನು ಕರಗಿಸಿ ಹಾಕಿದರೆ, ಉಪ್ಪಿನ ಕ್ಲೋರೈಡ್ ಅಂಶವು ನೈಟ್ರೈಟ್ ಕಿವಿರಿನೊಳಗೆ ನುಗ್ಗುವುದನ್ನು ತಡೆಯುತ್ತದೆ.

ಕೊನೆಯದಾಗಿ ಮೀನಿನ ಸಂಖ್ಯೆ. ನಿಮ್ಮ ತೊಟ್ಟಿ ಅಂಚಿನವರೆಗೆ ತುಂಬಿದರೂ ಹಿಡಿಯುವುದು ಸುಮಾರು 56 ಲೀಟರ್. ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ 45ರಿಂದ 50 ಲೀಟರ್ ಉಳಿಯುತ್ತದೆ. ಗೋಲ್ಡ್ ಫಿಶ್ ಹೆಚ್ಚು ತಿಂದು ಹೆಚ್ಚು ಮಲ ವಿಸರ್ಜಿಸುವ ಮೀನು, ಸರಿಯಾಗಿ ಸಾಕಿದರೆ ಹತ್ತು ವರ್ಷ ದಾಟಿ ಬದುಕುವ ಮೀನು. ಈ ನೀರು ಎರಡು ಮರಿಗಳಿಗೆ ಸಾಕಾಗಬಹುದು, ಅವು ಬೆಳೆದ ಮೇಲೆ ಸಾಲದು. ಉಳಿದಿರುವ ಮೂರರ ಜೊತೆಗೆ ಹೊಸದನ್ನು ತರುವ ಯೋಚನೆಯನ್ನು ದಯವಿಟ್ಟು ಬಿಡಿ.

ಪ್ರಶ್ನೆ: ನಮ್ಮದು ಕೊಳವೆಬಾವಿಯ ನೀರು. ಮೀಟರಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) 900 ತೋರಿಸುತ್ತದೆ, ಗಾಜಿನ ಮೇಲೆ ಬಿಳಿ ಕರೆ ಕಟ್ಟುತ್ತದೆ. ಮೀನಿಗೆ ಆರ್‌ಓ ನೀರು ಹಾಕುವುದು ಒಳ್ಳೆಯದೇ?
— ಓದುಗರು, ಕೋಲಾರ

ಉತ್ತರ: ಆರ್‌ಓ ನೀರನ್ನಷ್ಟೇ ಹಾಕಬೇಡಿ. ಅದರಲ್ಲಿ ಲವಣಗಳ ಜೊತೆಗೆ ಬೈಕಾರ್ಬೊನೇಟ್ ಕೂಡ ಹೆಚ್ಚುಕಡಿಮೆ ಇಲ್ಲವಾಗಿರುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಕೆಲಸ ಮಾಡುವಾಗ ಆಮ್ಲ ಉಂಟಾಗುತ್ತದೆ. ಅದನ್ನು ತಡೆದುಕೊಳ್ಳುವ ಬೈಕಾರ್ಬೊನೇಟ್ ಇಲ್ಲದಿದ್ದರೆ ಪಿಎಚ್ ಒಮ್ಮೆಲೇ ಕುಸಿದು ಆ ಬ್ಯಾಕ್ಟೀರಿಯಾಗಳೇ ನಿಷ್ಕ್ರಿಯವಾಗುತ್ತವೆ.

ನಿಮ್ಮ ನೀರಿಗೆ ಹೊಂದುವ ಮೀನನ್ನು ಆರಿಸಿಕೊಳ್ಳುವುದು ನೀರನ್ನು ಬದಲಿಸುವುದಕ್ಕಿಂತ ಸುಲಭ. ಗಪ್ಪಿ, ಮೊಲ್ಲಿ, ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಮೀನುಗಳು ಗಡಸು ನೀರನ್ನೇ ಇಷ್ಟಪಡುತ್ತವೆ. ನಿಯಾನ್ ಟೆಟ್ರಾದಂತಹ ಮೆದು ನೀರಿನ ಮೀನುಗಳೇ ಬೇಕೆಂದರೆ ಎರಡು ಪಾಲು ಆರ್‌ಓ ನೀರಿಗೆ ಒಂದು ಪಾಲು ಕೊಳವೆಬಾವಿಯ ನೀರನ್ನು ಬೆರೆಸಿ, ಪ್ರತಿ ಬಾರಿಯೂ ಅದೇ ಅಳತೆಯನ್ನು ಉಳಿಸಿಕೊಳ್ಳಿ. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆಯಿದ್ದು ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದುಂಟು. ಆದ್ದರಿಂದ ಬಕೆಟ್ಟಿನಲ್ಲಿ ಏರ್ ಸ್ಟೋನ್ ಇಟ್ಟು ಒಂದು ರಾತ್ರಿ ಗಾಳಿಯಾಡಿಸಿ ಬಳಸಿ. ಟಿಡಿಎಸ್ ಮೀಟರ್ ಅಮೋನಿಯಾವನ್ನು ಬೇರ್ಪಡಿಸಿ ತೋರಿಸುವುದಿಲ್ಲ ಎಂಬುದು ನೆನಪಿರಲಿ. ಬಿಳಿ ಕರೆಯಿಂದ ಮೀನಿಗೆ ತೊಂದರೆಯಿಲ್ಲ.

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ಪ್ಲಾಟಿ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಮೂಡಿದವು. ಉಪ್ಪು ಹಾಕಿದಾಗ ಮೂರು ದಿನದಲ್ಲಿ ಮಾಯವಾದವು, ನೀರು ಬದಲಿಸಿದೆವು. ವಾರದ ನಂತರ ಎರಡರಷ್ಟು ಕಾಣಿಸಿಕೊಂಡಿವೆ. ಉಪ್ಪು ಕೆಲಸ ಮಾಡುವುದಿಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಉಪ್ಪು ಕೆಲಸ ಮಾಡುತ್ತದೆ, ಆದರೆ ನೀವು ಬೇಗ ನಿಲ್ಲಿಸಿದಿರಿ. ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರಾವಲಂಬಿಯಿಂದ ಬರುವ ಬಿಳಿ ಚುಕ್ಕೆ ರೋಗವಿದು. ಕಣ್ಣಿಗೆ ಕಾಣುವ ಚುಕ್ಕೆಯೊಳಗಿನ ಜೀವಿ ಮೀನಿನ ಹೊರಚರ್ಮದ ಕೆಳಗೆ ಅಡಗಿರುತ್ತದೆ, ಉಪ್ಪಾಗಲಿ ಔಷಧಿಯಾಗಲಿ ಅದನ್ನು ಮುಟ್ಟುವುದಿಲ್ಲ. ಅದು ಬಲಿತು ಮೀನಿನಿಂದ ಉದುರಿ, ತಳದ ಕಲ್ಲುಗಳಿಗೆ ಅಂಟಿಕೊಂಡು, ಒಂದೇ ಒಂದು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತಾ ಮೀನನ್ನು ಹುಡುಕುವ ಒಂದೆರಡು ದಿನಗಳಲ್ಲಿ ಮಾತ್ರ ಅವನ್ನು ಕೊಲ್ಲಲು ಸಾಧ್ಯ. ಚುಕ್ಕೆ ಮಾಯವಾದದ್ದು ರೋಗ ವಾಸಿಯಾದ ಗುರುತಲ್ಲ. ಪರಾವಲಂಬಿಗಳು ತಳಕ್ಕೆ ಇಳಿದಿದ್ದವು, ಅಷ್ಟೇ.

ಪ್ಲಾಟಿಗಳು ಉಪ್ಪನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಎರಡು ದಿನಗಳಲ್ಲಿ ಹಂತಹಂತವಾಗಿ ಲೀಟರಿಗೆ ಎರಡರಿಂದ ಮೂರು ಗ್ರಾಂ ಕಲ್ಲುಪ್ಪನ್ನು ಕರಗಿಸಿ ಹಾಕಿ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಬತ್ತಿಹೋದ ನೀರನ್ನು ತುಂಬುವಾಗ ಉಪ್ಪು ಬೇಡ, ಹೊರತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಸೇರಿಸಿ. ಹೀಟರ್ ಇಟ್ಟು ನೀರಿನ ಉಷ್ಣತೆಯನ್ನು ನಿಧಾನವಾಗಿ 28 ಡಿಗ್ರಿಗೆ ಏರಿಸಿದರೆ ಪರಾವಲಂಬಿಯ ಜೀವನಚಕ್ರ ಚುರುಕಾಗಿ, ಚಿಕಿತ್ಸೆಗೆ ಬೇಗ ಸಿಗುತ್ತದೆ. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಮುಂದುವರಿಸಿ, ಎರಡು ದಿನಕ್ಕೊಮ್ಮೆ ಪೈಪಿನಿಂದ ತಳದ ಕಸವನ್ನು ಎಳೆದು ತೆಗೆಯಿರಿ. ಕೊರಿಡೋರಸ್, ಟೆಟ್ರಾ ಮೀನುಗಳು ಅಥವಾ ಗಿಡಗಳಿರುವ ತೊಟ್ಟಿಗೆ ಇಷ್ಟು ಉಪ್ಪು ಆಗದು. ಅಂಗಡಿಯ ಮ್ಯಾಲಕೈಟ್ ಗ್ರೀನ್ ಔಷಧಿ ಬಳಸುವುದಾದರೆ ಕೈಗವಸು ಹಾಕಿಕೊಳ್ಳಿ, ಫಿಲ್ಟರಿನಲ್ಲಿ ಇದ್ದಿಲಿದ್ದರೆ ತೆಗೆದಿಡಿ. ಇಲ್ಲವಾದರೆ ಔಷಧಿಯನ್ನು ಅದೇ ಹೀರಿಬಿಡುತ್ತದೆ.

ಗೋಲ್ಡ್ ಫಿಶ್ ಸಾಕುವವರಿಗೊಂದು ಮಾತು. ಗಂಡು ಮೀನಿನ ಕಿವಿರು ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮೊದಲ ಎಲುಬಿನ ಉದ್ದಕ್ಕೆ ಮಾತ್ರ ಸಾಲಾಗಿ ಬಿಳಿ ಗುಳ್ಳೆಗಳಿದ್ದು, ಬಾಲ ಮತ್ತು ಮೈ ಸ್ವಚ್ಛವಾಗಿದ್ದರೆ ಅದು ಸಂತಾನೋತ್ಪತ್ತಿ ಕಾಲದ ಲಕ್ಷಣ. ಅದಕ್ಕೆ ಚಿಕಿತ್ಸೆ ಬೇಡ.

ಪ್ರಶ್ನೆ: ಬೇಸಿಗೆಯ ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಬಂತು. ಅದುವರೆಗೆ ಚೆನ್ನಾಗಿದ್ದ ಮೀನುಗಳು ಫಿಲ್ಟರ್ ಚಾಲೂ ಆದ ಮೇಲೆ ಸಂಕಟಪಟ್ಟವು. ಏಕೆ?
— ಓದುಗರು, ಮಂಗಳೂರು

ಉತ್ತರ: ನಿಮ್ಮದು ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಆಗಿರಬೇಕು. ಹರಿವು ನಿಂತ ಫಿಲ್ಟರಿನೊಳಗೆ ಆಮ್ಲಜನಕ ತೀರಿ, ಬ್ಯಾಕ್ಟೀರಿಯಾಗಳು ಸತ್ತು, ಕೊಳೆತ ನೀರು ಶೇಖರವಾಗುತ್ತದೆ. ಕರೆಂಟ್ ಬಂದೊಡನೆ ಅದೆಲ್ಲ ತೊಟ್ಟಿಗೆ ಬರುತ್ತದೆ. ಕೆಲವು ಗಂಟೆಗಳಿಗೂ ಮೀರಿ ನಿಂತಿದ್ದರೆ, ಒಳಗಿನ ನೀರನ್ನು ಚೆಲ್ಲಿ, ತೊಟ್ಟಿಯ ನೀರಿನಲ್ಲೇ ಸ್ಪಂಜನ್ನು ಜಾಲಿಸಿ ಆಮೇಲೆ ಚಾಲೂ ಮಾಡಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟನ್ನು ಮಾತ್ರ ಹಿಡಿಯಬಲ್ಲದು. ಕರಾವಳಿಯ ಬೇಸಿಗೆಗೆ ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಪ್ರಶ್ನೆ: ಪಾಚಿ ತಿನ್ನುತ್ತದೆಂದು ಸಕ್ಕರ್ ಮೀನು ತಂದೆವು. ಅದು ಈಗ ಒಂದು ಅಡಿ ಬೆಳೆದಿದೆ, ತೊಟ್ಟಿ ಮೊದಲಿಗಿಂತ ಕೊಳಕಾಗಿದೆ. ಊರ ಕೆರೆಗೆ ಬಿಡಬಹುದೇ?
— ಓದುಗರು, ಹಾಸನ

ಉತ್ತರ: ಖಂಡಿತ ಬಿಡಬೇಡಿ. ದಕ್ಷಿಣ ಅಮೆರಿಕ ಮೂಲದ ಈ ಮೀನು ನಮ್ಮ ದೇಶದ ಹಲವು ಕೆರೆ ನದಿಗಳಲ್ಲಿ ಈಗಾಗಲೇ ನೆಲೆಯೂರಿ, ಸ್ಥಳೀಯ ಮೀನುಗಳ ಆಹಾರಕ್ಕೆ ಪೈಪೋಟಿ ನೀಡುತ್ತಿದೆ, ಗಟ್ಟಿ ಮುಳ್ಳುಗಳಿಂದ ಮೀನುಗಾರರ ಬಲೆಗಳನ್ನೂ ಹರಿಯುತ್ತಿದೆ. ತೊಟ್ಟಿ ಕೊಳಕಾಗಿರುವುದು ಸಹಜ. ಪಾಚಿಯನ್ನು ತಿಂದರೂ ಅದಕ್ಕಿಂತ ಹೆಚ್ಚಿನ ಮಲವನ್ನು ಅದು ನೀರಿಗೆ ಸೇರಿಸುತ್ತದೆ. ದೊಡ್ಡ ತೊಟ್ಟಿಯಿರುವ ಸಾಕಣೆದಾರರಿಗೆ ಅಥವಾ ಅಂಗಡಿಗೆ ಮರಳಿಸಿ. ಗಾಜಿನ ಪಾಚಿಯನ್ನು ಅಯಸ್ಕಾಂತದ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ, ದೀಪವನ್ನು ದಿನಕ್ಕೆ ಆರೇಳು ಗಂಟೆ ಮಾತ್ರ ಉರಿಸಿ, ತೊಟ್ಟಿ ಕಿಟಕಿಯ ಬಿಸಿಲಿಗೆ ಬಿದ್ದಿದ್ದರೆ ನೀರನ್ನು ತಗ್ಗಿಸಿಕೊಂಡು ಬೇರೆಡೆಗೆ ಸರಿಸಿ.