ಗಾಜಿನ ಮನೆಯೋ, ಬಸಳೆಯ ಚಪ್ಪರವೋ?

ಮುಂಬಯಿಯ ಮುಲುಂಡಿನ ಓದುಗರೊಬ್ಬರ ಪತ್ರ: ‘ನಮ್ಮ ವಸತಿ ಸೊಸೈಟಿಯ ಟೆರೇಸಿನ ಮೇಲೆ ಗಾಜಿನ ಹಸಿರುಮನೆಯೊಂದನ್ನು ಕಟ್ಟಿ, ಸುತ್ತ ತರಕಾರಿ ಬೆಳೆಸಿ, ನಡುವೆ ಐವತ್ತು ಜನ ಕೂರುವಂತೆ ಸಭಾಸ್ಥಳ ಮಾಡಬೇಕೆಂದಿದ್ದೇವೆ. ಎಸಿ ನಡೆಯುವುದು ಸೌರವಿದ್ಯುತ್ತಿನಿಂದ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೇ ನಮಗೆ ಮಾದರಿ. ಕೆಲವು ಹಿರಿಯರು ಮಾತ್ರ ಕೆಳಗಿನ ಅಂಗಳದಲ್ಲಿ ಒಂದು ಚಪ್ಪರ ಹಾಕಿದರೆ ಸಾಕು ಎಂದು ಹಟ ಹಿಡಿದಿದ್ದಾರೆ. ಅವರಿಗೆ ತಾವು ತಿಳಿಹೇಳಬೇಕು.’

ಮಾನ್ಯರೆ,

ಸೋರಿಕೆ, ಪಾರ್ಕಿಂಗ್ ಮತ್ತು ಬಾಕಿ ವಸೂಲಿಗಳ ಆಚೆಗೆ ಬೇರೇನನ್ನೂ ಚರ್ಚಿಸದ ಸೊಸೈಟಿಗಳ ಈ ನಗರದಲ್ಲಿ, ಜನ ಒಟ್ಟಿಗೆ ಕೂರಲು ಒಂದು ಜಾಗ ಬೇಕೆಂದು ನಿಮಗೆ ತೋರಿದ್ದೇ ದೊಡ್ಡದು. ಗಾಜಿನ ಮನೆಗೆ ಅದರದೇ ಚೆಲುವಿದೆ, ಮಳೆಗಾಲದಲ್ಲಿ ಅದರೊಳಗೆ ನೆನೆಯದೆ ಕೂರಬಹುದು ಎಂಬುದನ್ನೂ ಒಪ್ಪುತ್ತೇನೆ. ಆದರೆ ತಿಳಿಹೇಳುವ ಕೆಲಸಕ್ಕೆ ನೀವು ತಪ್ಪು ಮನುಷ್ಯನನ್ನು ಆರಿಸಿದ್ದೀರಿ; ನಾನು ಆ ಹಿರಿಯರ ಪಕ್ಷದವನು.

ಲಾಲ್‌ಬಾಗಿನ ಮಾತನ್ನೇ ಮೊದಲು ನೋಡೋಣ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡದ ಹಿಂದೆ, 1851ರಲ್ಲಿ ಲಂಡನ್ನಿನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಭವನದ ನೆನಪು ಇತ್ತು ನಿಜ. ಆದರೆ ಬಿಸಿಯನ್ನು ಹಿಡಿದಿಟ್ಟು ಗಿಡ ಸಾಕುವ ಮನೆಯಾಗಿ ನಮ್ಮವರು ಅದನ್ನು ಬಳಸಲಿಲ್ಲ. ಫಲಪುಷ್ಪ ಪ್ರದರ್ಶನಕ್ಕೆ, ಸಭೆಗಳಿಗೆ ಬಳಸಿದರು. ಕಾಂಗ್ರೆಸ್ ಪಕ್ಷ ಇಬ್ಭಾಗವಾಗುವ ಮುನ್ನ, 1969ರ ಜುಲೈಯಲ್ಲಿ ಬಿರುಸಿನ ಎಐಸಿಸಿ ಅಧಿವೇಶನ ನಡೆದದ್ದೂ ಅಲ್ಲಿಯೇ. ಆ ಕಾವನ್ನೂ ಅದು ತಡೆದುಕೊಂಡಿತೆಂದರೆ, ಎತ್ತರದ ಮಾಡು, ಗಾಳಿಯಾಡುವ ಬದಿಗಳು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನ ಹವೆ, ಇವೆಲ್ಲ ಜೊತೆಗಿದ್ದವು. ಮುಲುಂಡಿನ ಮೇ ತಿಂಗಳಿಗೆ ಈ ಯಾವ ಅನುಕೂಲವೂ ಇಲ್ಲ.

ಚಳಿದೇಶದಲ್ಲಿ ಹಸಿರುಮನೆಯ ಕೆಲಸ ಬಿಸಿಯನ್ನು ಕೂಡಿಡುವುದು. ಗಾಜಿನ ಮೂಲಕ ಬಿಸಿಲು ಒಳಗೆ ಬಂದು ನೆಲವನ್ನೂ ಎಲೆಗಳನ್ನೂ ಕಾಯಿಸುತ್ತದೆ. ಕಾದ ಗಾಳಿಗೆ ಮೇಲೇರಿ ಹೊರಹೋಗಲು ದಾರಿಯಿರುವುದಿಲ್ಲ. ನಮ್ಮ ಕಷ್ಟವೋ ಬಿಸಿಯನ್ನು ಹೊರದೂಡುವುದು. ಹೀಗಿರುವಾಗ ಗಾಜಿನಿಂದ ಬಿಸಿಯನ್ನು ಒಳಗೆ ಕರೆದು, ಎಸಿಯಿಂದ ಅದನ್ನು ಹೊರಗಟ್ಟಿ, ಆ ಎಸಿಗಾಗಿ ಸೌರಫಲಕ ಕೂರಿಸಿ, ಒಟ್ಟು ಏರ್ಪಾಡಿಗೆ ಪರಿಸರಸ್ನೇಹಿ ಎಂಬ ಫಲಕ ತೂಗುಹಾಕುವುದು ನನಗೆ ಅರ್ಥವಾಗದ ಲೆಕ್ಕ. ಪುಣೆಯ ಬಳಿಯ ಮಾವಳದಲ್ಲಿ ಗುಲಾಬಿ ಬೆಳೆಯುವವರ ಪಾಲಿಹೌಸುಗಳನ್ನು, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆಗಳನ್ನು, ಒಮ್ಮೆ ನೋಡಿ ಬನ್ನಿ. ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಬಾಯಿ, ಬದಿಗಳಲ್ಲಿ ಸುತ್ತಿ ಮೇಲೆತ್ತುವ ಪರದೆ, ಬಿಸಿಲು ಹೆಚ್ಚಾದರೆ ನೆರಳುಬಲೆ. ಹೂವಿನಿಂದಲೇ ಬದುಕುವವರು ಗಾಳಿಯ ವಿಷಯದಲ್ಲಿ ಇಷ್ಟು ಎಚ್ಚರದಿಂದಿದ್ದಾರೆ.

ಇನ್ನು ಭಾರ. ಜನ ಓಡಾಡುವ ಟೆರೇಸಿಗೆ ನಮ್ಮ ದೇಶದ ಮಾನಕದಲ್ಲಿ ಹಿಡಿಯುವ ಬಳಕೆಯ ಭಾರ (ಜನ, ಸಾಮಾನುಗಳ ತೂಕ) ಚದರ ಮೀಟರಿಗೆ ಸುಮಾರು 150 ಕಿಲೋ. ಒಂದು ಅಡಿ ದಪ್ಪದ ಒದ್ದೆ ಮಣ್ಣೇ 500 ಕಿಲೋ ದಾಟುತ್ತದೆ. ಅದರ ಮೇಲೆ ಉಕ್ಕು, ಗಾಜು, ಐವತ್ತು ಜನ, ಅವರ ಕುರ್ಚಿಗಳು! ಸ್ಟ್ರಕ್ಚರಲ್ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಮೇಲೆ ಏರಿಸಬೇಡಿ. ಟೆರೇಸಿನಲ್ಲಿ ಬೆಳೆಯಲೇಬೇಕೆಂಬ ಆಸೆಯಿದ್ದರೆ ಈ ನಗರದ ಕೈತೋಟಗಾರರು ಬಹುಕಾಲದಿಂದ ಬಳಸುತ್ತ ಬಂದ ದಾರಿಯಿದೆ: ಕಬ್ಬಿನ ಹಾಲು ಮಾರುವ ರಸವಂತಿ ಅಂಗಡಿಗಳಲ್ಲಿ ಉಳಿಯುವ ಕಬ್ಬಿನ ಸಿಪ್ಪೆ, ಒಣಗಿದೆಲೆ, ಅಡುಗೆಮನೆಯ ಗೊಬ್ಬರ, ಹೆಸರಿಗಷ್ಟು ಮಣ್ಣು. ಮುಂಬಯಿ ಬಂದರು ಟ್ರಸ್ಟಿನ ಕೇಂದ್ರ ಅಡುಗೆಮನೆಯ ಟೆರೇಸಿನಲ್ಲಿ ಉದ್ಯೋಗಿಗಳು ಅಡುಗೆಯ ಕಸವನ್ನೇ ಗೊಬ್ಬರ ಮಾಡಿ ಹಣ್ಣು ತರಕಾರಿಗಳ ತೋಟ ಎಬ್ಬಿಸಿದರು. ಅಲ್ಲಿ ಗಾಜು ಬೇಕಾಗಲಿಲ್ಲ.

ಗಾಳಿಯನ್ನೂ ಮರೆಯಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯನ್ನು ಹಾದುಹೋದಾಗ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 100 ಕಿಲೋಮೀಟರ್ ಮೀರಿತ್ತು. ನನ್ನ ಪರಿಚಯದವರ ಕಟ್ಟಡದ ಟೆರೇಸಿನ ತಗಡು ಆ ದಿನ ಪಕ್ಕದ ಗಲ್ಲಿಯಲ್ಲಿ ಸಿಕ್ಕಿತು. ಅದು ಗಾಜಾಗಿದ್ದರೆ ಏನಾಗುತ್ತಿತ್ತೆಂದು ನೀವೇ ಯೋಚಿಸಿ.

ನೀರಿನ ಲೆಕ್ಕವೂ ನಿಮ್ಮನ್ನು ಅಂಗಳಕ್ಕೇ ಇಳಿಸುತ್ತದೆ. ಮುಂಬಯಿಗೆ ವರ್ಷಕ್ಕೆ 2,200 ಮಿಲಿಮೀಟರಿಗೂ ಹೆಚ್ಚು ಮಳೆ. ನೂರು ಚದರ ಮೀಟರ್ ಮಾಡಿನ ಮೇಲೆ ಬೀಳುವುದೇ ಎರಡು ಲಕ್ಷ ಲೀಟರಿಗೂ ಮಿಗಿಲು. ಅದರಲ್ಲಿ ಬಹುಪಾಲು ತೋಟಕ್ಕೆ ನೀರು ಬೇಡವಾದ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಹತ್ತು ಸಾವಿರ ಲೀಟರ್ ಹಿಡಿದಿಟ್ಟರೆ ಹತ್ತು ಟನ್ ಭಾರ, ಅಂದರೆ ನೀರಿನ ಟಾಕಿ ನೆಲದಲ್ಲೇ ಇರಬೇಕು. ಟಾಕಿ ನೆಲದಲ್ಲಿದ್ದ ಮೇಲೆ ತೋಟವೂ ಅಲ್ಲಿದ್ದರೆ ಪಂಪಿನ ಖರ್ಚಾದರೂ ಉಳಿಯುತ್ತದೆ. ಟಾಕಿಯ ಮುಚ್ಚಳ ಭದ್ರವಾಗಿರಲಿ, ಕುಂಡಗಳ ಕೆಳಗಿನ ತಟ್ಟೆಗಳಲ್ಲಿ ನೀರು ನಿಲ್ಲದಿರಲಿ. ಡೆಂಗಿ ಸೊಳ್ಳೆಗೆ ಅಷ್ಟು ನೀರೇ ಸಾಕು.

ಆದರೂ ನನ್ನ ಮುಖ್ಯ ತಕರಾರು ಬೇರೆ. ಟೆರೇಸಿಗೆ ಯಾರು ಬರುತ್ತಾರೆ? ಲಿಫ್ಟು ಕೆಟ್ಟ ದಿನ ಅಜ್ಜಿಯಂದಿರು ಬರಲಾರರು. ಮನೆಗೆಲಸದ ಹೆಂಗಸರು, ವಾಚ್‌ಮನ್‌ನ ಮಕ್ಕಳು ಯಾವ ದಿನವೂ ಬರಲಾರರು. ಎಸಿ ಕೂರಿಸಿದ ಕೋಣೆಗೆ ಬಾಗಿಲು ಬೇಕು, ಬಾಗಿಲಿಗೆ ಬೀಗ ಬೇಕು, ಬೀಗದ ಕೈ ಕಾರ್ಯದರ್ಶಿಯ ಬಳಿ ಇರುತ್ತದೆ, ಕಾರ್ಯದರ್ಶಿ ಊರಿಗೆ ಹೋಗಿರುತ್ತಾರೆ. ನಮ್ಮ ಕನ್ನಡ ಸಂಸ್ಥೆಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಹೋಟೆಲಿನ ಹುಡುಗರು ಹಗಲೆಲ್ಲ ದುಡಿದು, ಸಂಜೆ ಯಾವುದೋ ಶಾಲೆಯ ಕೋಣೆಯಲ್ಲಿ ಕೂತು ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತ ನಗರವಿದು. ಇಂದು ಸಭಾಗೃಹಗಳಿವೆ, ಅಮೃತಶಿಲೆಯ ನೆಲವಿದೆ, ದಾನಿಗಳ ಹೆಸರು ಕೊರೆದ ಗೋಡೆಯಿದೆ. ಮದುವೆ ಸಮಾರಂಭಗಳಿಗೆ ಬಾಡಿಗೆ ಹೋಗದ ದಿನ ಅವುಗಳ ಗೇಟಿಗೆ ಸರಪಳಿ. ಏನೂ ಕೊಳ್ಳದೆ, ಯಾರ ಅನುಮತಿಯನ್ನೂ ಕೇಳದೆ ಅರ್ಧ ಗಂಟೆ ಕೂರಬಲ್ಲ ಜಾಗವನ್ನು ಈ ಊರಿನಲ್ಲಿ ಹುಡುಕಿ ನೋಡಿ.

ಹಾಗಾಗಿ ಆ ಹಿರಿಯರ ಅಂಗಳಕ್ಕೇ ಹೋಗಿ. ಕಲಾಯಿ ಮಾಡಿದ ಪೈಪಿನ ಎತ್ತರದ ಚೌಕಟ್ಟು ನಿಲ್ಲಿಸಿ. ನಡುವೆ ಕೂರುವಷ್ಟು ಜಾಗಕ್ಕೆ ಮಾತ್ರ ಬಿಸಿಲಿಗೆ ಬೇಗ ಹಾಳಾಗದ ಪಾಲಿಕಾರ್ಬೊನೇಟ್ ಹಾಳೆ ಹೊದಿಸಿದರೆ ಮಳೆಗಾಲದ ಚಿಂತೆಯೂ ತೀರುತ್ತದೆ. ಉಳಿದೆಡೆ ಬಸಳೆ, ತೊಂಡೆ, ಪಡವಲ ಹಬ್ಬಲಿ. ಸೊಪ್ಪು ಕೊಯ್ಯಲು ಬಂದ ಇಬ್ಬರು ಅಲ್ಲೇ ಕೂತು ಮಾತಿಗೆ ತೊಡಗುತ್ತಾರೆ. ಅದಕ್ಕೆ ನೋಟಿಸೂ ಬೇಡ, ಕೋರಮ್ಮೂ ಬೇಡ. ಕುಳಿತುಕೊಳ್ಳುವ ಕಟ್ಟೆಯನ್ನು ಗೇಟಿನ ಹತ್ತಿರವೇ ಕಟ್ಟಿಸಿ, ವಾಚ್‌ಮನ್‌ಗೂ ನೆರಳಾಗುತ್ತದೆ. ಗೊಬ್ಬರದ ತೊಟ್ಟಿ ಮನೆಗಳಿಗೆ ಗಾಳಿ ಬೀಸಿಬರುವ ದಿಕ್ಕಿನಲ್ಲಿ ಇರದಂತೆ ನೋಡಿಕೊಳ್ಳಿ. ಇಲ್ಲವಾದರೆ ಮೊದಲನೆಯ ವಾರವೇ ದೂರಿನ ಪತ್ರಗಳು ಬರುತ್ತವೆ.

ಮುಂಬಯಿಗೆ ಮುಂಗಾರು ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ ಬರುತ್ತದೆ, ಅಷ್ಟರಲ್ಲಿ ಚೌಕಟ್ಟು ನಿಂತಿರಲಿ. ಬಸಳೆಯ ಬಳ್ಳಿ ಬೇಕಿದ್ದರೆ ನಮ್ಮ ಕಾರ್ಯಾಲಯದ ಕಿಟಕಿಯಲ್ಲಿ ಧಾರಾಳವಾಗಿದೆ. ಬರುವಾಗ ಆ ಹಿರಿಯರಲ್ಲಿ ಒಬ್ಬರನ್ನಾದರೂ ಕರೆತನ್ನಿ.

– ಸಂಪಾದಕ