ಮೆಕ್ಯಾನಿಕಲ್ ಬಿಟ್ಟು ಅರ್ಥಶಾಸ್ತ್ರಕ್ಕೆ ಬದಲಾದರೆ ಒಂದು ವರ್ಷ ಹಾಳಾಗುತ್ತದೆಯೇ?

ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ಸೆಮಿಸ್ಟರ್‌ನಲ್ಲಿದ್ದೀರಿ, ಅದೇ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪದವಿಗೆ ಬದಲಾಗಬೇಕು, ಇಲ್ಲಿಯವರೆಗೆ ಓದಿದ್ದು ವ್ಯರ್ಥವಾಗುತ್ತದೆಯೇ ಎಂದು ಕೇಳಿದ್ದೀರಿ. ನೀವು ಎಷ್ಟು ಕ್ರೆಡಿಟ್ ಗಳಿಸಿದ್ದೀರಿ ಎಂಬುದಕ್ಕಿಂತ ಅವು ಹೊಸ ಪದವಿಯಲ್ಲಿ ಯಾವ ಲೆಕ್ಕಕ್ಕೆ ಸೇರುತ್ತವೆ ಎಂಬುದು ಮುಖ್ಯ. ಅರ್ಜಿ ತುಂಬುವ ಮೊದಲೇ ಇದನ್ನು ಕೂತು ನೋಡಿ.

ಒಂದು ಹಾಳೆಯ ಎಡಕ್ಕೆ ನೀವು ಪಾಸಾದ ವಿಷಯಗಳನ್ನು, ಬಲಕ್ಕೆ ಹೊಸ ಪದವಿಯ ಕಡ್ಡಾಯ ವಿಷಯಗಳನ್ನು ಬರೆಯಿರಿ. ಯುರೋಪಿನ ವಿಶ್ವವಿದ್ಯಾಲಯಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್. ಉದಾಹರಣೆಗೆ ಅದನ್ನೇ ಹಿಡಿದು, ಮೊದಲ ವರ್ಷ ಮುಗಿದಾಗ ನಿಮ್ಮ ಬಳಿ 60 ಇವೆ ಎನ್ನೋಣ. ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರೋಗ್ರಾಮಿಂಗ್ ಸೇರಿ 24 ಕ್ರೆಡಿಟ್ ಕಡ್ಡಾಯ ವಿಷಯಗಳಿಗೆ ಹೊಂದಿತು ಎನ್ನಿ. ಭೌತಶಾಸ್ತ್ರ, ಮೆಕ್ಯಾನಿಕ್ಸ್ ಇಲೆಕ್ಟಿವ್, ಅಂದರೆ ಐಚ್ಛಿಕ ವಿಷಯಗಳ ಲೆಕ್ಕಕ್ಕೆ ಹೋಗಬಹುದು, ಆದರೆ ಇಲೆಕ್ಟಿವ್ ಮಿತಿ 12 ಆಗಿದ್ದರೆ ಅಷ್ಟೇ. ಮಿಕ್ಕ 24 ಅಂಕಪಟ್ಟಿಯಲ್ಲಿ ಕಾಣುತ್ತವೆ, ಪದವಿಗೆ ಸೇರುವುದಿಲ್ಲ.

36 ಉಳಿಯಿತಲ್ಲ ಎಂದು ಸಮಾಧಾನ ಪಡುವಂತಿಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ. ಅರ್ಥಶಾಸ್ತ್ರದ ವಿಷಯಗಳು ಸರಪಳಿಯಂತೆ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಹಲವು ಕಡೆ ಮೈಕ್ರೋ ಒಂದು (ಸೂಕ್ಷ್ಮ ಅರ್ಥಶಾಸ್ತ್ರದ ಮೊದಲ ಭಾಗ) ಪಾಸಾಗದೆ ಮೈಕ್ರೋ ಎರಡಕ್ಕೆ ಕೂರುವ ಹಾಗಿಲ್ಲ, ಮೈಕ್ರೋ ಎರಡೂ ಸಂಖ್ಯಾಶಾಸ್ತ್ರವೂ ಆಗದೆ ಇಕಾನೊಮೆಟ್ರಿಕ್ಸ್ (ಆರ್ಥಿಕ ಅಂಕಿಅಂಶಗಳನ್ನು ಸಂಖ್ಯಾಶಾಸ್ತ್ರದಿಂದ ವಿಶ್ಲೇಷಿಸುವ ವಿಷಯ) ಇಲ್ಲ, ಅದಾಗದೆ ಕೊನೆಯ ವರ್ಷದ ಪ್ರಬಂಧ ಇಲ್ಲ. ಇವುಗಳಲ್ಲಿ ಹಲವನ್ನು ವರ್ಷಕ್ಕೆ ಒಂದೇ ಸೆಮಿಸ್ಟರ್‌ನಲ್ಲಿ ಕಲಿಸುವುದೂ ಉಂಟು. ಹಾಗಾಗಿ ಕೈಯಲ್ಲಿ ಕ್ರೆಡಿಟ್ ಇದ್ದರೂ ಮೊದಲ ಕೊಂಡಿಯಾದ ಮೈಕ್ರೋ ಒಂದು ಇಲ್ಲದಿದ್ದರೆ ಓದುವ ಅವಧಿ ಕಡಿಮೆಯಾಗುವುದಿಲ್ಲ. ಪರಿಹಾರ ಇದೆ: ಈಗಿನ ಕೋರ್ಸ್‌ನಲ್ಲಿದ್ದುಕೊಂಡೇ ಆ ವಿಷಯವನ್ನು ಇಲೆಕ್ಟಿವ್ ಆಗಿ ತೆಗೆದುಕೊಳ್ಳಲು, ಇಲ್ಲವೇ ಬೇಸಿಗೆ ತರಗತಿಯಲ್ಲಿ ಮುಗಿಸಲು ಬಿಡುತ್ತಾರಾ ಎಂದು ವಿಚಾರಿಸಿ. ಆ ಒಂದು ವಿಷಯ ಇಡೀ ವರ್ಷವನ್ನು ಉಳಿಸಬಲ್ಲದು. ಅರ್ಥಶಾಸ್ತ್ರ ನಿಮಗೆ ಒಗ್ಗುತ್ತದೋ ಇಲ್ಲವೋ ಎಂಬುದೂ ಅಲ್ಲೇ ತಿಳಿಯುತ್ತದೆ.

ವಿಷಯದ ಹೆಸರು ಒಂದೇ ಇದ್ದ ಮಾತ್ರಕ್ಕೆ ಕ್ರೆಡಿಟ್ ಒಪ್ಪುವುದಿಲ್ಲ. ನೀವು ಓದಿದ ವರ್ಷದ ಸಿಲಬಸ್ ಕೊಡಿ, ಈಗ ವೆಬ್‌ಸೈಟಿನಲ್ಲಿರುವುದು ಬೇರೆಯೇ ಆಗಿರಬಹುದು. ವಾರದ ಪಾಠದ ಗಂಟೆ, ಅಧ್ಯಾಯಗಳು, ಪರೀಕ್ಷೆಯ ವಿಧಾನ, ಪಠ್ಯಪುಸ್ತಕ ಅದರಲ್ಲಿರಬೇಕು. ಎಂಜಿನಿಯರಿಂಗ್ ಗಣಿತದಲ್ಲಿ ಸಂಭಾವ್ಯತೆಯ ಒಂದೇ ಅಧ್ಯಾಯ ಇದ್ದರೆ ಅದನ್ನು ಸಂಖ್ಯಾಶಾಸ್ತ್ರಕ್ಕೆ ಬದಲಾಗಿ ಒಪ್ಪುವ ಸಂಭವ ಕಡಿಮೆ, ಅದನ್ನು ಮೊದಲೇ ಲೆಕ್ಕದಿಂದ ಬಿಡಿ. ಯಾವ ವಿಷಯಕ್ಕೆ ಯಾವುದು ಸಮ ಎಂಬ ಒಪ್ಪಿಗೆಯನ್ನು ಇಮೇಲ್‌ನಲ್ಲೇ ಪಡೆಯಿರಿ. ಬಾಯಿಮಾತಿನ ಭರವಸೆ ಕೊಟ್ಟವರು ನಾಳೆ ಆ ಕುರ್ಚಿಯಲ್ಲಿ ಇಲ್ಲದೇ ಹೋಗಬಹುದು.

ಹೊಸ ಸೀಟು ಲಿಖಿತವಾಗಿ ಖಚಿತವಾಗುವ ತನಕ ಈಗಿನ ಕೋರ್ಸ್‌ನಿಂದ ಹೆಸರು ತೆಗೆಸಬೇಡಿ. ಬಿಡುವ ಕೋರ್ಸ್ ತಾನೇ ಎಂದು ಈ ಸೆಮಿಸ್ಟರ್ ಪರೀಕ್ಷೆಯನ್ನು ಕಡೆಗಣಿಸಲೂ ಬೇಡಿ. ಸೀಟು ಕಡಿಮೆ ಇದ್ದಾಗ ಆಯ್ಕೆ ಸಮಿತಿಯ ಮುಂದಿರುವುದು ಆ ಅಂಕಗಳೇ, ವಿಶೇಷವಾಗಿ ಗಣಿತದ್ದು. ಒಂದು ವಿಷಯ ಖಂಡಿತ ಪಾಸಾಗದು ಎನಿಸಿದರೆ, ಹಿಂತೆಗೆಯುವ ಕೊನೆಯ ದಿನಾಂಕದೊಳಗೆ ಕೈಬಿಡುವುದು ಫೇಲ್ ಆಗುವುದಕ್ಕಿಂತ ಮೇಲು. ವಿದ್ಯಾರ್ಥಿವೇತನ, ಶಿಕ್ಷಣ ಸಾಲ ಅಥವಾ ವಿದ್ಯಾರ್ಥಿ ವೀಸಾ ಇದ್ದರೆ, ಅದು ಕೋರ್ಸ್‌ನ ಹೆಸರಿಗೋ ವರ್ಷಗಳ ಮಿತಿಗೋ ಕಟ್ಟಿಕೊಂಡಿದೆಯೇ ಎಂದು ಕೊಟ್ಟವರನ್ನೇ ಕೇಳಿ. ವಿಭಾಗದ ಕಚೇರಿಯವರಿಗೆ ಇದು ತಿಳಿದಿರಬೇಕೆಂದಿಲ್ಲ.

ಕಾರಣ ಬರೆಯಲು ಒಂದು ಪುಟ ಸಾಕು. ಈಗಿನ ವಿಭಾಗವನ್ನು ದೂರುವ ಸಾಲುಗಳ ಬದಲು ಹೊಸ ವಿಷಯದಲ್ಲಿ ನೀವು ಏನು ಓದಿದ್ದೀರಿ, ಯಾವ ತರಗತಿಗೆ ಹೋಗಿ ಕೂತಿದ್ದೀರಿ ಎಂದು ಬರೆಯಿರಿ.

ಇನ್ನೊಂದು ಮಾತು. ಒಂದೇ ವಿಷಯ, ಒಬ್ಬರೇ ಅಧ್ಯಾಪಕರಿಂದ ಬೇಸತ್ತಿದ್ದರೆ ಪದವಿ ಬದಲಿಸುವುದು ಅದಕ್ಕೆ ಮದ್ದಲ್ಲ. ಹೊಸ ಪದವಿಯ ಮೂರನೇ ವರ್ಷದ ಪ್ರಶ್ನೆಪತ್ರಿಕೆ ಒಂದನ್ನು ಹುಡುಕಿ ಓದಿ. ಇಂಥ ಪ್ರಶ್ನೆಗಳ ಜತೆ ದಿನ ಕಳೆಯಲು ಮನಸ್ಸಿದೆಯೇ ಎಂದು ನೋಡಿ. ಮೆಕ್ಯಾನಿಕಲ್ ಅಷ್ಟೇನೂ ಕಷ್ಟವಾಗಿಲ್ಲವಾದರೆ ಅದನ್ನು ಮುಗಿಸಿ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಮಾಡುವ ದಾರಿಯೂ ಇದೆ, ಗಣಿತ ಗಟ್ಟಿಯಾಗಿರುವವರಿಗೆ ಅಲ್ಲಿ ಅನುಕೂಲವೇ.

ಬದಲಾವಣೆ ಸಿಕ್ಕರೆ ಮೊದಲ ವಾರದಲ್ಲೇ ನಿಮ್ಮ ದಾಖಲೆ ತೆರೆದು, ಒಪ್ಪಿದ ಪ್ರತಿ ವಿಷಯವೂ ಸರಿಯಾದ ಕೋಡ್‌ನಡಿ ಸೇರಿದೆಯೇ ಎಂದು ಆ ಇಮೇಲ್ ಜತೆ ಹೋಲಿಸಿ. ತಪ್ಪಿದ್ದರೆ ವಿಷಯ ನೋಂದಣಿ ಮುಗಿಯುವ ಮೊದಲೇ ಸರಿಪಡಿಸಿಕೊಳ್ಳಿ.